ವಿಭೂತಿ ಹಚ್ಚಿಕೊಂಡ ಮೀನು

ಯಮಕನಮರಡಿಯಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ತಿರುಗಿದರೆ ಎಡಗಡೆಗೆ ಒಂದು ಕಟಿಂಗ್ ಅಂಗಡಿ ಇದೆ. ಅದು ನನ್ನದು. ನನ್ನ ಹೆಸರು ಗುರುಪಾದ. ಈ ಅಂಗಡಿಯಲ್ಲಿ ಕೂದಲಿಗಿಂತ ಮಾತೇ ಹೆಚ್ಚು ಉದುರುತ್ತದೆ ಎಂದು ಊರವರು ಹೇಳುತ್ತಾರೆ. ಅದು ಖರೆ. ನನ್ನ ವಿಷಯದಲ್ಲಿ ಖರೆ ಇರುವುದು ಅದೊಂದೇ ಎಂದು ನನ್ನ ಹೆಂಡತಿ ಶೋಭಾ ಅನ್ನುತ್ತಿದ್ದಳು.

ಹುಲಿಯ ಕಥೆ ನಿಮಗೆ ಗೊತ್ತಿರಲಿಕ್ಕಿಲ್ಲ. ಗೋಕಾಕದ ಕರದಂಟು ತಿಂದ ಹುಲಿಯೊಂದಕ್ಕೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಅಂಟಿಕೊಂಡಿತು. ಗರ್ಜಿಸಲಿಕ್ಕೂ ಇಲ್ಲ, ಉಣ್ಣಲಿಕ್ಕೂ ಇಲ್ಲ. ಪಾಪ, ನೆಟ್ಟಗೆ ನನ್ನ ಅಂಗಡಿಗೆ ಬಂದು ಕುರ್ಚಿ ಹತ್ತಿ ಕುಳಿತಿತು. ಬಿಸಿನೀರಲ್ಲಿ ಹಿಂಡಿದ ಟವೆಲ್ ಇಟ್ಟು ಕರದಂಟು ಕರಗಿಸಿ ಬಾಯಿ ಬಿಡಿಸಿದೆ. ಬಂದದ್ದು ಬಂದಿದೆ ಅಂತ ಮೀಸೆಯನ್ನೂ ತಿದ್ದಿದೆ. ಅದು ಕನ್ನಡಿ ನೋಡಿಕೊಂಡು, ಎಡಗಡೆ ಇನ್ನೊಂದಿಷ್ಟು ಸಣ್ಣ ಮಾಡು ಎನ್ನುವ ಹಾಗೆ ಮುಖ ತಿರುಗಿಸಿತು.

ಇಷ್ಟು ಹೇಳಿ ಮುಗಿಸುವುದೇ ತಡ, ಹಿಂದಿನ ಕೋಣೆಯಿಂದ ಶೋಭಾಳ ಧ್ವನಿ ಬರುತ್ತಿತ್ತು.

"ಸುಳ್ಳ!"

ಅಕ್ಕಿ ಹಸನು ಮಾಡುತ್ತ ಕುಳಿತವಳು ತಲೆಯನ್ನೂ ಎತ್ತುತ್ತಿರಲಿಲ್ಲ. ಗಿರಾಕಿ ಹೋ ಎಂದು ನಗುತ್ತಿದ್ದ. ಅರ್ಧ ದಾಡಿ ಆದವನು ನಕ್ಕರೆ ಕತ್ತಿ ತಾಗೀತು ಅಂತ ನಾನು ಕೈ ಎತ್ತಿ ಹಿಡಿಯುತ್ತಿದ್ದೆ. ಅವಳ ಆ ಒಂದು ಮಾತು ಬಿದ್ದ ಮೇಲೆಯೇ ನನ್ನ ಕಥೆ ಮುಗಿದಂತೆ. ಅದು ಬೀಳದಿದ್ದರೆ ಹುಲಿ ಇನ್ನೂ ಕುರ್ಚಿಯಲ್ಲೇ ಕುಳಿತಿರುವಂತೆ ಅನಿಸುತ್ತಿತ್ತು.

ಅಂಗಡಿಗೆ ಮೀನು ತಂದವಳೂ ಅವಳೇ. ಗೋಕಾಕ ಬಸ್ ಸ್ಟ್ಯಾಂಡ್ ಹತ್ತಿರ ಗಾಜಿನ ಪೆಟ್ಟಿಗೆ, ಬಣ್ಣದ ಮೀನು ಮಾರುವ ಅಂಗಡಿಯೊಂದಿದೆ. ಅಲ್ಲಿಂದ ಪೆಟ್ಟಿಗೆ ಸಮೇತ ಒಂದು ಗೋಲ್ಡ್ ಫಿಶ್ ತಂದು ನನ್ನ ದೊಡ್ಡ ಕನ್ನಡಿಯ ಕೆಳಗೆ ಇಟ್ಟಳು.

"ನಾ ತವರಮನಿಗೆ ಹೋದಾಗ ನಿಮ್ಮ ಸುಳ್ಳ ಕೇಳಾಕ ಯಾರರೆ ಬೇಕಲ್ಲ," ಎಂದಳು.

ಹೊಟ್ಟೆ ಮುಂದೆ ಮಾಡಿ ಆ ಮೀನು ತಿರುಗಾಡುವ ಠೀವಿ ನೋಡಿ ಗೌಡ್ರು ಎಂದು ಹೆಸರಿಟ್ಟಳು. ನಾನು ಕಥೆ ಶುರು ಮಾಡಿದರೆ ಗೌಡ್ರು ಗಾಜಿನ ಹತ್ತಿರ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರು. "ನೋಡ್ರಿ, ಗೌಡ್ರೂ ಸುಳ್ಳ ಸುಳ್ಳ ಅನ್ನಾಕತ್ತಾರ," ಎಂದು ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಹೋದ ವರ್ಷ ಯುಗಾದಿಯ ಮುಂದೆ ಶೋಭಾ ತೀರಿಕೊಂಡಳು. ಅದನ್ನು ಕಥೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ಆಮೇಲೆಯೂ ಅಂಗಡಿ ನಡೆಯಿತು. ಆದರೆ ಕುರ್ಚಿಯಲ್ಲಿ ಕುಳಿತವರೆಲ್ಲ ಮೊಬೈಲ್ ನೋಡುತ್ತಿದ್ದರು. ಹುಲಿಯ ಕಥೆ ಹೇಳಿದರೆ "ಹೂಂ" ಅನ್ನುತ್ತಿದ್ದರು. ನಾನು ಕಥೆ ಮುಗಿಸಿ ಕತ್ತರಿ ನಿಲ್ಲಿಸಿ ಹಿಂದಿನ ಕೋಣೆಯ ಕಡೆ ಕಿವಿ ಕೊಡುತ್ತಿದ್ದೆ. "ಯಾಕ ನಿಂತ್ರಿ?" ಎಂದು ಅವರು ಕೇಳಿದರೆ ಮತ್ತೆ ಕತ್ತರಿ ಆಡಿಸುತ್ತಿದ್ದೆ. ಸಂಜೆ ಶಟರ್ ಅರ್ಧ ಎಳೆದ ಮೇಲೆ ಗೌಡ್ರ ಮುಂದೆ ಸ್ಟೂಲ್ ಹಾಕಿಕೊಂಡು ಅದೇ ಕಥೆಯನ್ನು ಮತ್ತೊಮ್ಮೆ ಹೇಳುತ್ತಿದ್ದೆ. ಗೌಡ್ರು ಬಾಯಿ ತೆರೆದು ಮುಚ್ಚುತ್ತಿದ್ದರು. ಆಗ ಹೊಟ್ಟೆ ತುಂಬ ಉಂಡು ಮಲಗುವಷ್ಟು ಸಮಾಧಾನ.

ಟೆಂಪೋ ಓಡಿಸುವ ಪರಸಪ್ಪ ನನ್ನ ಕಾಯಂ ಗಿರಾಕಿ. ಗೌಡ್ರು ಗೋಕಾಕ ಫಾಲ್ಸಿನಲ್ಲಿ ಹುಟ್ಟಿದವರು, ಎಲ್ಲ ನೀರು ಕೆಳಗೆ ಬೀಳುವಾಗ ಇವರೊಬ್ಬರೇ ಮೇಲೆ ಹತ್ತಿ ಬಂದರು ಎಂದು ಅವನಿಗೆ ಒಂದು ದಿನ ಹೇಳಿದೆ.

"ಸಾಕ್ಷಿ ಏನೈತಿ ಮಾಮಾ?" ಎಂದ.

ಸಾಕ್ಷಿ ಕೇಳುವಷ್ಟಾದರೂ ಒಬ್ಬ ಕಿವಿಗೊಟ್ಟನಲ್ಲ ಎಂಬ ಹುರುಪಿನಲ್ಲಿ ನಾನು ಗೋಕಾಕಕ್ಕೆ ಹೋದಾಗ ಫಾಲ್ಸಿನ ದಂಡೆಯಿಂದ ಒಂದು ಕಲ್ಲು ತಂದು ಪೆಟ್ಟಿಗೆಯೊಳಗೆ ಇಟ್ಟೆ. ಒಂದು ಬದಿ ನನ್ನ ಕತ್ತಿಯಷ್ಟು ಚೂಪಾಗಿತ್ತು. "ನೋಡೋ, ಗೌಡ್ರ ತವರಿನ ಕಲ್ಲ," ಎಂದೆ. ಪರಸಪ್ಪ ಆಗ ಮೊಬೈಲ್ ನೋಡುತ್ತಿದ್ದ.

ಶ್ರಾವಣ ಹಿಡಿದ ಮೇಲೆ ಒಂದು ಬೆಳಿಗ್ಗೆ, ಹುಕ್ಕೇರಿ ಬಸ್ಸಿಗೆ ಕಾಯುತ್ತಿದ್ದ ಅಕ್ಕವ್ವ ಆಯಿ ಜಿಟಿಜಿಟಿ ಮಳೆ ತಾಳಲಾರದೆ ನನ್ನ ಅಂಗಡಿಯ ಹೊಸ್ತಿಲ ಮೇಲೆ ಬಂದು ಕುಳಿತಳು. ಕಟಿಂಗ್ ಅಂಗಡಿಯೊಳಗೆ ಹೆಣ್ಣುಮಕ್ಕಳು ಬರುವುದಿಲ್ಲ. ಶೋಭಾ ಬಿಟ್ಟರೆ ಆ ಹೊಸ್ತಿಲ ಹತ್ತಿರ ಬಂದವಳು ಅವಳೇ. ಬಗ್ಗಿ ಪೆಟ್ಟಿಗೆಯೊಳಗೆ ನೋಡಿದವಳು ಥಟ್ಟನೆ ಕೈ ಮುಗಿದಳು.

"ಯವ್ವಾ! ಏ ಗುರುಪಾದ, ನಿನ್ನ ಮೀನ ಈಬತ್ತಿ ಹಚ್ಚಕೊಂಡೈತಲ್ಲೋ!"

ನಾನೂ ನೋಡಿದೆ. ಗೌಡ್ರ ಹಣೆಯ ಮೇಲೆ ಮೂರು ಬಿಳಿ ಗೆರೆ. ಅಡ್ಡಕ್ಕೆ, ಸಮವಾಗಿ, ನಾವು ಸ್ನಾನ ಮಾಡಿ ಮೂರು ಬೆರಳಿಂದ ವಿಭೂತಿ ಎಳೆದುಕೊಂಡ ಹಾಗೆ. ಎರಡು ದಿನದ ಹಿಂದೆ ಅಲ್ಲಿ ಏನೋ ಬೆಳ್ಳಗೆ ಕಂಡಂತಾಗಿ ಬೆಳಕಿನ ಹೊಳಪು ಅಂದುಕೊಂಡಿದ್ದೆ.

"ಹೌದ ಆಯಿ," ಎಂದೆ. ಬಾಯಿ ನನ್ನದು, ಸುಮ್ಮನಿರಲಿಲ್ಲ. "ಸೋಮವಾರ ಮೇವ ಮುಟ್ಟಂಗಿಲ್ಲ. ಉಪವಾಸ. ನಾ ಬಸವಣ್ಣನ ಫೋಟೋಕ್ಕ ಊದಿನಕಡ್ಡಿ ಹಚ್ಚಿದ್ರ ಆ ಕಡೆ ತಿರಗತೈತಿ."

ಶೋಭಾ ಇದ್ದಿದ್ದರೆ ಅಷ್ಟಕ್ಕೇ ಅದು ಮುಗಿಯುತ್ತಿತ್ತು. ಅಕ್ಕವ್ವ ಆಯಿ ಮಾತ್ರ, "ಹೌದಪಾ, ಹೌದ," ಎಂದಳು. ಅವಳ ಬಸ್ಸು ಬಂತು, ಹೋಯಿತು. ಅವಳು ಕುಳಿತೇ ಇದ್ದಳು.

ಪರಸಪ್ಪ ಬಂದು ವಿಡಿಯೋ ಮಾಡಿದ. ಮರುದಿನ ನನ್ನ ಅಂಗಡಿಯ ಮುಂದೆ ಚಪ್ಪಲಿಗಳ ರಾಶಿ. ಸಂಕೇಶ್ವರದ ಕಡೆಯಿಂದ ಬಂದರು, ಹುಕ್ಕೇರಿಯಿಂದ ಬಂದರು. ನಾನು ಗೌಡ್ರ ಬಾಜೂಕ್ಕೆ ನಿಂತು ಫಾಲ್ಸು ಹತ್ತಿದ ಕಥೆ ಹೇಳಿದೆ. ಹತ್ತುವಾಗ ನಡುವೆ ದಣಿವಾರಿಸಿಕೊಳ್ಳಲು ಗೌಡ್ರು ಕಾಮನಬಿಲ್ಲಿನ ಮೇಲೆ ಕುಳಿತರು ಎಂದೆ. ಎಲ್ಲರೂ ತಲೆಯಾಡಿಸಿದರು. ಒಬ್ಬರೂ ನಗಲಿಲ್ಲ. ಇಷ್ಟು ಮಂದಿ ನನ್ನ ಕಥೆಯನ್ನು ಜೀವಮಾನದಲ್ಲಿ ಕೇಳಿರಲಿಲ್ಲ. ನಾನು ಒಂದು ಗೇಣು ಎತ್ತರವಾದೆ.

ಒಂದು ತೊಂದರೆ ಇತ್ತು. ಅಂಗಡಿಯಲ್ಲಿ ಕಟಿಂಗ್ ನಿಂತುಹೋಯಿತು.

"ದೇವರ ಮುಂದ ಕೂದಲ ಉದರಸೂದ ಹೆಂಗ ಮಾಮಾ?" ಎಂದು ಪರಸಪ್ಪನೇ ದಾಡಿ ಬೆಳೆಸಿಕೊಂಡು ತಿರುಗಿದ. ಕತ್ತರಿ ಗೂಟಕ್ಕೆ ತೂಗಿ ಹಾಕಿದೆ. ಮಂದಿ ನೀರಿನಲ್ಲಿ ವಿಭೂತಿ ಉದುರಿಸಿದರು. ಬಿಲ್ವಪತ್ರೆ ಬಿಟ್ಟರು. ಸಕ್ಕರೆ ಹಾಕಿದರು. ನೀರು ಬೆಳ್ಳಗಾದರೆ ನಾನು ನಳದಿಂದ ಒಂದು ಕೊಡ ಹಿಡಿದು ಸುರಿಯುತ್ತಿದ್ದೆ. ಬರುವ ಸೋಮವಾರ ಹುಕ್ಕೇರಿಯಿಂದ ಎರಡು ಟೆಂಪೋ ಮಂದಿ ಬರುತ್ತಾರೆ, ಭಜನೆಯೂ ಇದೆ ಎಂದು ಪರಸಪ್ಪ ನಿರ್ಧರಿಸಿಬಿಟ್ಟ.

ಒಂದು ಸಂಜೆ ಎಲ್ಲರೂ ಹೋದ ಮೇಲೆ ಸ್ಟೂಲ್ ಹಾಕಿಕೊಂಡು ಹುಲಿಯ ಕಥೆ ಶುರು ಮಾಡಿದೆ. ಗೌಡ್ರು ಬರಲಿಲ್ಲ. ಮೂಲೆಯಲ್ಲಿ ಕಲ್ಲಿನ ಹಿಂದೆ ರೆಕ್ಕೆ ಮಡಚಿಕೊಂಡು ಒಂದು ಮಗ್ಗುಲಿಗೆ ವಾಲಿದ್ದರು. ಕನ್ನಡಕ ಹಾಕಿಕೊಂಡು ಹತ್ತಿರ ಹೋದೆ. ಗೆರೆಗಳು ಗೆರೆಗಳಾಗಿ ಉಳಿದಿರಲಿಲ್ಲ. ಹತ್ತಿಯ ಅರಳೆಯಂತೆ ಉಬ್ಬಿ ನೀರಿನಲ್ಲಿ ಅಲ್ಲಾಡುತ್ತಿದ್ದವು. ಒಂದು ಎಳೆ ಕಣ್ಣಿನವರೆಗೆ ಬಂದಿತ್ತು. ಹುಲಿಯನ್ನು ಕುರ್ಚಿಯಲ್ಲೇ ಬಿಟ್ಟು ನಾನು ಎದ್ದೆ.

ಶನಿವಾರ ಬೆಳಿಗ್ಗೆ ಮೊಬೈಲಿನಲ್ಲಿ ಗೌಡ್ರ ಫೋಟೋ ತೆಗೆದುಕೊಂಡು, ಬಾಗಿಲಿಗೆ ಬೀಗ ಹಾಕಿ ಗೋಕಾಕದ ಬಸ್ಸು ಹತ್ತಿದೆ.

ಮೀನಿನ ಅಂಗಡಿ ನಡೆಸುವವಳು ಆಮ್ರಪಾಲಿ ಎಂಬ ಹುಡುಗಿ. ಶೋಭಾಳಿಗೂ ಅವಳಿಗೂ ಬಹಳ ಸಲಿಗೆ ಇತ್ತು. ನನ್ನನ್ನು ನೋಡಿದ ಕೂಡಲೇ ಅವಳ ಮುಖ ಅರಳಿತು.

"ಬರ್ರಿ ಕಾಕಾ! ವಿಡಿಯೋದಾಗ ನೋಡಿದ್ನಿ ನಿಮ್ಮನ್ನ. ಭಾರಿ ದೊಡ್ಡ ಮಂದಿ ಆಗೀರಿ. ಕಾಕು ಹೆಂಗದಾರ? ಭಾಳ ದಿನ ಆತ, ಬರಲೇ ಇಲ್ಲ."

ಊರಿನಲ್ಲಿ ಎಲ್ಲರಿಗೂ ಗೊತ್ತು. ಗೋಕಾಕದವರೆಗೆ ಯಾರೂ ಸುದ್ದಿ ತಂದಿರಲಿಲ್ಲ. ಹೇಳಬೇಕು ಅಂತಲೇ ಬಾಯಿ ತೆರೆದೆ.

"ಆರಾಮ ಅದಾಳ," ಎಂದೆ. "ತವರಮನಿಗೆ ಹೋಗ್ಯಾಳ, ಮೂಡಲಗಿಗೆ. ಆಕಿ ತಮ್ಮನ ಮಗಳ ಲಗ್ನ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. ಮೂಡಲಗಿಯ ಆ ಲಗ್ನದಲ್ಲಿ ಹೋಳಿಗೆ ಎಷ್ಟು ದೊಡ್ಡದು ಮಾಡಿದ್ದಾರೆಂದರೆ, ಮಡಚಲು ನಾಲ್ಕು ಹೆಣ್ಣುಮಕ್ಕಳು ನಾಲ್ಕು ಕಡೆ ಹಿಡಿದುಕೊಳ್ಳಬೇಕು, ಹಾಸಿಗೆಯ ಚಾದರ ಮಡಚಿದ ಹಾಗೆ ಎಂದೆ. ಹೇಳುತ್ತಿದ್ದಂತೆ ಶೋಭಾ ಹಸಿರು ಇಳಕಲ್ ಸೀರೆಯಲ್ಲಿ ಹೋಳಿಗೆಯ ಒಂದು ತುದಿ ಹಿಡಿದು ನಿಂತದ್ದು ನನಗೇ ಕಂಡಿತು. ಕೈಯೆಲ್ಲ ತುಪ್ಪ.

ಆಮ್ರಪಾಲಿ ನಕ್ಕಳು. "ಕಾಕು ಇಲ್ಲಿ ಇದ್ದಿದ್ರ ಏನ ಅಂತಿದ್ರು, ಗೊತ್ತೈತಿಲ್ಲೋ?"

"ಗೊತ್ತೈತೆವಾ," ಎಂದು ಮೊಬೈಲ್ ಅವಳ ಮುಂದೆ ಹಿಡಿದೆ.

ಅವಳ ನಗು ಹೋಯಿತು. ಫೋಟೋವನ್ನು ಬೆರಳಿಂದ ದೊಡ್ಡದು ಮಾಡಿ ನೋಡಿದಳು.

"ಇದ ಈಬತ್ತಿ ಅಲ್ರಿ ಕಾಕಾ. ಬೂಷ್ಟ. ರೊಟ್ಟಿ ಹಳಸಿದ್ರ ಮ್ಯಾಲ ಬರತೈತಲ್ಲ, ಹಂಗ. ಮೊದಲ ಎಲ್ಲೆರೆ ತರಚಿರತೈತಿ. ನೀರ ಹೊಲಸ ಇದ್ರ ಆ ಗಾಯದಾಗ ಹತ್ತಕೊಂಡ ಬೆಳೀತೈತಿ. ಪೆಟಗ್ಯಾಗ ಚೂಪಂದ ಏನರೆ ಇಟ್ಟೀರೇನ?"

"ಕಲ್ಲ. ಫಾಲ್ಸಿಂದ."

"ಯಾಕ್ರಿ?"

"ಸಾಕ್ಷಿಗೆ."

ಅವಳು ನನ್ನ ಮುಖ ನೋಡಿದಳು. "ನೀರಾಗ ಮಂದಿ ಏನೇನ ಹಾಕ್ಯಾರ?"

"ಈಬತ್ತಿ, ಪತ್ರಿ, ಸಕ್ಕರಿ. ಒಮ್ಮೆ ಪಂಚಾಮೃತ."

"ಅಯ್ಯಯ್ಯ, ಪಂಚಾಮೃತ!" ಆಮ್ರಪಾಲಿ ಸ್ಟೂಲ್ ಎಳೆದು ಕುಳಿತುಬಿಟ್ಟಳು. "ಮೀನಿಗೇನ ಜಾತ್ರಿ ಮಾಡಾಕತ್ತೀರೇನ್ರಿ ನೀವು?"

ಆಮೇಲೆ ಸಾವಕಾಶವಾಗಿ, ಕೂಸಿಗೆ ಹೇಳಿದ ಹಾಗೆ ಹೇಳಿಕೊಟ್ಟಳು.

"ಗೌಡ್ರನ್ನ ಬ್ಯಾರೆ ಟಬ್ಬಿನ್ಯಾಗ ತಗೀರಿ. ನಳದ ನೀರ ಹಸೇದ ಹಾಕಬ್ಯಾಡ್ರಿ, ಅದರಾಗ ಬ್ಲೀಚಿಂಗ್ ಇರತೈತಿ. ಇವತ್ತ ಹಿಡದ ತೆರದಿಡ್ರಿ, ನಾಳೆ ಹಾಕ್ರಿ. ಕಾಕು ಹಂಗ ಮಾಡತಿದ್ರಲ್ಲ, ನೋಡಿಲ್ಲೇನ? ಕಲ್ಲುಪ್ಪ ಹಾಕ್ರಿ, ಪಾಕೀಟಿಂದ ಬ್ಯಾಡ. ಮೊದಲ ಬ್ಯಾರೆ ಬೋಗಾಣ್ಯಾಗ ಕರಗಿಸಿ, ಒಮ್ಮೆಲೆ ಸುರೀದಂಗ ಸ್ವಲ್ಪ ಸ್ವಲ್ಪ. ಇದ ನೀಲಿ ಔಷಧ. ಎಷ್ಟ ನೀರಿಗೆ ಎಷ್ಟ ಹನಿ ಅಂತ ಬಾಟ್ಲಿ ಮ್ಯಾಲ ಐತಿ. ಗಾಳಿ ಪಂಪ ಚಾಲೂ ಇರಲಿ. ದಿನಾ ಒಂದಿಷ್ಟ ನೀರ ತಗದ ಹೊಸಾದ ಹಾಕ್ರಿ, ತಗದಷ್ಟಕ್ಕ ಉಪ್ಪ, ಔಷಧ ಮತ್ತ ಹಾಕ್ರಿ. ಮೇವು ಕಮ್ಮಿ. ಆ ಅರಳಿ ಕೈಲೆ ಜಗ್ಗಾಕ ಹೋಗಬ್ಯಾಡ್ರಿ, ಚರ್ಮ ಕಿತ್ತ ಬರತೈತಿ."

"ಅಂದ್ರ ಈಬತ್ತಿ ಹೋಗತೈತಿ?"

"ಹೋಗಬೇಕಲ್ರಿ! ಅದಕ್ಕ ಅಲ್ಲ ನೀವ ಬಂದಿದ್ದ?"

ನಾನು ಬಾಟಲಿಯನ್ನು ಕೈಯಲ್ಲಿ ತಿರುಗಿಸಿದೆ. "ಸೋಮವಾರ ಮುಗದಮ್ಯಾಲ ಚಾಲೂ ಮಾಡ್ಲಿ? ಮಂದಿ ಬರತಾರ."

"ಕಿವಿರಿಗೆ ಹತ್ತೂದರಾಗ ಐತ್ರಿ ಕಾಕಾ. ಮಂದಿ ಸೋಮವಾರ ಬರತಾರ ಖರೆ. ಗೌಡ್ರು ಇರಬೇಕಲ್ಲ?"

ತಿರುಗಿ ಬರುವಾಗ ಬಸ್ಸು ಅಂಕಲಗಿಯಲ್ಲಿ ನಿಂತಿತು. ಕಿಟಕಿಯ ಹೊರಗೆ ಕಟ್ಟೆಯ ಮೇಲೆ ನಾಲ್ಕಾರು ಮಂದಿ ಕುಳಿತು ಯಾವುದೋ ಮಾತಿಗೆ ತೊಡೆ ತಟ್ಟಿ ನಗುತ್ತಿದ್ದರು. ನನ್ನ ತೊಡೆಯ ಮೇಲೆ ನೀಲಿ ಬಾಟಲಿ ಇತ್ತು. ಇದನ್ನು ಹಾಕಿದರೆ ಗೆರೆ ಹೋಗುತ್ತದೆ. ಗೆರೆ ಹೋದರೆ ಚಪ್ಪಲಿಗಳ ರಾಶಿ ಹೋಗುತ್ತದೆ. ಹಾಕದಿದ್ದರೆ ಗೌಡ್ರೇ ಹೋಗುತ್ತಾರೆ. ಹೋದರೆ ಹೋಗಲಿ, ಮಂದಿ ಸಮಾಧಿ ಕಟ್ಟುತ್ತಾರೆ, ನಾನು ಬಾಗಿಲಲ್ಲಿ ಕುಳಿತು ಜೀವಮಾನವಿಡೀ ಕಥೆ ಹೇಳಬಹುದು. ಹೀಗೂ ಒಂದು ವಿಚಾರ ಬಂತು. ಸುಳ್ಳು ಹೇಳುವುದಿಲ್ಲ, ಬಂತು. ಆ ಸಮಾಧಿಯ ಮುಂದೆ ಎಲ್ಲರೂ ಹೂಂ, ಹೂಂ ಎನ್ನುತ್ತ ಕುಳಿತದ್ದೂ ಕಂಡಿತು. ಗಾಜಿನ ಆಚೆ ಬಾಯಿ ತೆರೆದು ಮುಚ್ಚುವವರು ಮಾತ್ರ ಯಾರೂ ಇರಲಿಲ್ಲ.

ಮನೆಗೆ ಬಂದವನೇ ಹಿಂದಿನ ಕೋಣೆಯಲ್ಲಿ ಬೋರಲು ಬಿದ್ದಿದ್ದ ಶೋಭಾಳ ಕೊಡವನ್ನು ತೊಳೆದು ನಳದ ನೀರು ಹಿಡಿದಿಟ್ಟೆ. ಅವಳು ದಿನಾ ಸಂಜೆ ಆ ಕೊಡ ತುಂಬಿ ಬಾಯಿ ತೆರೆದಿಡುತ್ತಿದ್ದಳು. ಕುಡಿಯಲಿಕ್ಕೆ ಅಂತ ತಿಳಿದಿದ್ದೆ.

ಭಾನುವಾರ ಗೌಡ್ರನ್ನು ಬೋಗಾಣಿಯಲ್ಲಿ ಎತ್ತಿ, ಹಿಂದಿನ ಕೋಣೆಯ ಬಾಗಿಲ ಹತ್ತಿರ ಇಟ್ಟ ಟಬ್ಬಿಗೆ ಬಿಟ್ಟೆ. ಎತ್ತುವಾಗ ಜಿಗಿಯಲಿಲ್ಲ, ಒದ್ದಾಡಲಿಲ್ಲ. ಉಪ್ಪು ಹಾಕಿದೆ, ಔಷಧ ಹಾಕಿದೆ. ನೀರೆಲ್ಲ ನೀಲಿಯಾಯಿತು, ನನ್ನ ಬೆರಳೂ ನೀಲಿಯಾದವು. ಗೌಡ್ರು ಆ ನೀಲಿಯೊಳಗೆ ಮುಳುಗಿ ಕಾಣದಾದರು. ಗಾಳಿ ಪಂಪಿನ ಗುಳುಗುಳು ಒಂದೇ ಸದ್ದು. ಫಾಲ್ಸಿನ ಕಲ್ಲನ್ನು ಹೊರಗೆ ಒಯ್ದು ಗಟಾರದ ಆಚೆ ಎಸೆದೆ.

ಸೋಮವಾರ ಎರಡಲ್ಲ, ಮೂರು ಟೆಂಪೋ ಬಂದವು. ತಾಳ, ದಮ್ಮಡಿ, ಹಾರ. ಅಕ್ಕವ್ವ ಆಯಿ ಎಲ್ಲರಿಗಿಂತ ಮುಂದೆ. ಖಾಲಿ ಪೆಟ್ಟಿಗೆ ನೋಡಿ ಎಲ್ಲರೂ ನನ್ನ ಕಡೆ ತಿರುಗಿದರು.

"ಗೌಡ್ರು ಎಲ್ಲದಾರ ಮಾಮಾ?" ಎಂದ ಪರಸಪ್ಪ.

ನನ್ನ ನಾಲಿಗೆಯ ತುದಿಯಲ್ಲಿ ಒಂದು ಕಥೆ ಸಿದ್ಧವಾಗಿತ್ತು. ಗೌಡ್ರು ಮುಂಜಾನೆ ಗಾಜಿನ ಪೆಟ್ಟಿಗೆಯಿಂದ ಎದ್ದು, ಕನ್ನಡಿಯೊಳಗೆ ಈಜಿಕೊಂಡು ಹೋದರು ಎಂದು. ಕನ್ನಡಿ ಮುಟ್ಟಿ ನಮಸ್ಕರಿಸಲು ಊರಿಗೆ ಊರೇ ಸಾಲು ಹಚ್ಚುತ್ತಿತ್ತು. ನನ್ನ ಜೀವಮಾನದ ಅತ್ಯಂತ ಛಲೋ ಕಥೆ ಅದು. ಅದೇ ಹೊತ್ತಿಗೆ ಟಬ್ಬಿನಲ್ಲಿ ಏನೋ ಅಲ್ಲಾಡಿತು.

"ಒಳಗ ಅದಾರ," ಎಂದೆ. "ಆರಾಮ ಇಲ್ಲ. ಅದ ಈಬತ್ತಿ ಅಲ್ಲ, ಬೂಷ್ಟ. ಔಷಧ ಹಾಕೇನಿ."

ಯಾರೋ ತಾಳ ಕೆಳಗಿಟ್ಟರು.

"ಈಬತ್ತಿ ಅಳಿಸಾಕ ಔಷಧ ಹಾಕಿದ್ಯಾ?" ಹಿಂದಿನಿಂದ ಒಬ್ಬರು ಕೇಳಿದರು. "ಮೊದಲ ಉಪವಾಸ ಮಾಡತೈತಿ ಅಂದಿದ್ದಿ, ಈಗ ಬೂಷ್ಟ ಅಂತೀ. ಯಾವದ ಸುಳ್ಳ?"

"ಉಪವಾಸ ಖರೆನ ರೀ," ಎಂದೆ. "ಉಣ್ಣಾಕ ಆಗವಲ್ದು ಅದಕ್ಕ."

ನಗು ಬರಬೇಕಿದ್ದ ಮಾತು. ಯಾರೂ ನಗಲಿಲ್ಲ. ಪರಸಪ್ಪ ಮುಖ ಗಂಟು ಹಾಕಿಕೊಂಡು, ಟೆಂಪೋ ತಿರುಗಿಸಲು ಹೋದ. ಚಪ್ಪಲಿಗಳ ರಾಶಿ ಜೋಡಿ ಜೋಡಿಯಾಗಿ ಕರಗಿತು. ಕೊನೆಗೆ ಉಳಿದವಳು ಅಕ್ಕವ್ವ ಆಯಿ. ಹೊಸ್ತಿಲ ಮೇಲಿನಿಂದ ಟಬ್ಬಿನ ಕಡೆ ನೋಡಿದಳು.

"ಉಳೀತೈತೇನೋ?"

"ಗೊತ್ತಿಲ್ಲ ಆಯಿ."

"ನನ್ನ ಕಣ್ಣಿಗೆ ಈಬತ್ತಿನ ಕಂಡಿತ್ತಪಾ," ಎಂದಳು. ತಂದಿದ್ದ ಹೂವನ್ನು ಬಸವಣ್ಣನ ಫೋಟೋಕ್ಕೆ ಏರಿಸಲು ನನ್ನ ಕೈಗೆ ಕೊಟ್ಟಳು. ಅವಳ ಬಸ್ಸು ಬಂತು. ಈ ಸಲ ಎದ್ದು ಹತ್ತಿದಳು.

ಆಮೇಲೆ ದಿನಾ ಅದೇ ಕೆಲಸ. ನೀರು ತೆಗೆಯುವುದು, ಹಿಡಿದಿಟ್ಟ ನೀರು ಹಾಕುವುದು, ಉಪ್ಪು, ಹನಿ. ಅರಳೆ ಮೊದಲು ಬೂದಿ ಬಣ್ಣವಾಯಿತು, ಆಮೇಲೆ ಎಳೆ ಎಳೆಯಾಗಿ ಉದುರಿತು. ಆ ಜಾಗದಲ್ಲಿ ಬಣ್ಣ ಇಲ್ಲದ ಮಂಕು ಕಲೆ ಉಳಿಯಿತು. ಅದು ಯಾವ ಕಡೆಯಿಂದ ನೋಡಿದರೂ ಯಾವುದರಂತೆಯೂ ಕಾಣುತ್ತಿರಲಿಲ್ಲ. ಗೌಡ್ರನ್ನು ತೊಳೆದ ಪೆಟ್ಟಿಗೆಗೆ ಮರಳಿ ಬಿಟ್ಟೆ. ಕಟಿಂಗಿನ ಗಿರಾಕಿಗಳೂ ಮರಳಿದರು. ಪರಸಪ್ಪ ಜಟೆ ಬಿಟ್ಟವನ ಹಾಗೆ ಬಂದು ಕುಳಿತು, ಕಿವಿಯಲ್ಲಿ ಹಾಡಿನ ವೈರು ಸಿಕ್ಕಿಸಿಕೊಂಡ. ಮೀನಿನ ಕಡೆ ನೋಡಲಿಲ್ಲ. ನಾನು ಅವನಿಗೆ ಕಥೆ ಹೇಳಲಿಲ್ಲ. ಕತ್ತರಿಯ ಸಪ್ಪಳವೇ ಅಂಗಡಿ ತುಂಬ.

ಒಂದು ಮಧ್ಯಾಹ್ನ, ಕುರ್ಚಿ ಖಾಲಿ ಇದ್ದಾಗ, ಆಮ್ರಪಾಲಿಯ ಫೋನ್ ಬಂತು.

"ಗೌಡ್ರು ಹೆಂಗದಾರ ಕಾಕಾ?"

"ಎದ್ದಾರವಾ. ಹೊಟ್ಟಿ ಮುಂದ ಮಾಡಕೊಂಡ ತಿರಗಾಡಾಕತ್ತಾರ."

"ಛಲೋ ಆತ ನೋಡ್ರಿ! ಕಾಕು ಬಂದ್ರೇನ ಮೂಡಲಗಿಂದ? ಫೋನ್ ಕೊಡ್ರಿ ಅವರ ಕೈಯಾಗ. ನೀರ ಹಿಡದಿಡೂದ ನೀವ ಮರೀತೀರಿ, ಅವರಿಗೆ ಹೇಳ್ತೀನಿ."

ನಾನು ಹಿಂದಿನ ಕೋಣೆಯ ಬಾಗಿಲು ನೋಡಿದೆ. ಕೊಡ ಅಲ್ಲೇ ಇತ್ತು.

"ಆಮ್ರಪಾಲಿ," ಎಂದೆ, "ಶೋಭಾ ಇಲ್ಲವಾ. ಹೋದ ವರ್ಷ ಯುಗಾದಿ ಮುಂದ ತೀರಕೊಂಡ್ಳು."

"ಸುಳ್ಳ!"

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆ ಮಾತು ಈ ಅಂಗಡಿಯಲ್ಲಿ ಕೇಳಿ ಎಷ್ಟು ದಿನವಾಗಿತ್ತು.

"ಇಂಥಾದ್ದೆಲ್ಲ ಚಾಷ್ಟಿಗೂ ಆಡಬಾರದ್ರಿ ಕಾಕಾ," ಅವಳು ಸಿಟ್ಟಿನಲ್ಲೇ ಇದ್ದಳು. "ಹುಲಿ ಹೇಳ್ರಿ, ಹೋಳಿಗಿ ಹೇಳ್ರಿ, ಏನರೆ ಹೇಳ್ರಿ. ಕಾಕುನ ಮ್ಯಾಲ ಇಂಥಾ ಸುಳ್ಳ ಹೇಳಬ್ಯಾಡ್ರಿ. ಕೇಳ್ಲಿ ಅವರು, ನಿಮ್ಮನ್ನ ಮನಿಯೊಳಗ ಕರಕೊಳ್ಳಂಗಿಲ್ಲ."

ಇನ್ನೊಮ್ಮೆ ಹೇಳಬಹುದಿತ್ತು. ಆಣೆ ಮಾಡಿ ಹೇಳಿದ್ದರೆ ನಂಬುತ್ತಿದ್ದಳು.

"ಹೌದವಾ," ಎಂದೆ. "ಸುಳ್ಳ. ಅಲ್ಲೆ ಹೋಳಿಗಿ ಇನ್ನಾ ಮಡಚೂದ ಮುಗದಿಲ್ಲ. ಒಂದ ತುದಿ ಆಕಿ ಕೈಯಾಗನ ಐತಿ."

ಆಮ್ರಪಾಲಿ ನಕ್ಕಳು. ಬಂದ ಮೇಲೆ ಮರೆಯದೆ ಫೋನ್ ಮಾಡಿಸಿರಿ ಎಂದಳು. ಮಾಡಿಸುತ್ತೇನೆ ಎಂದೆ.

ಫೋನ್ ಕೆಳಗಿಟ್ಟೆ. ಗೌಡ್ರು ಗಾಜಿನ ಹತ್ತಿರ ಬಂದು ನಿಂತಿದ್ದರು, ಬಾಯಿ ತೆರೆದು ಮುಚ್ಚುತ್ತ. ಅವರ ಮುಖ ನೋಡುವ ಧೈರ್ಯ ಆಗಲಿಲ್ಲ. ನಳ ಬರುವ ಹೊತ್ತಾಗಿತ್ತು. ಕೊಡ ತೆಗೆದುಕೊಂಡು ಹೊರಗೆ ಹೋದೆ.